ಹೆಸರಿನ ಬಾಲ ನೋಡಿ ಸೈಕಲ್ ಗೇರು ಬದಲಿಸಿದ್ದು

ಕಾಸರಗೋಡು ಜಿಲ್ಲೆಯ ನಂದಾರಪದವಿನ ಗೂಡಂಗಡಿಯೆದುರು ನಮ್ಮ ನಾಲ್ಕು ಸೈಕಲ್ ಸಾಲಾಗಿ ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. "ಎಲ್ಲಿಗೆ ಮಾರಾಯ್ರೇ?" ಎಂದು ಚಾ ಕೊಟ್ಟವರು ಕೇಳಿದರು. ಜಿಲ್ಲೆಯ ಇನ್ನೊಂದು ತುದಿಯ ರಾಣಿಪುರಕ್ಕೆ ಎಂದೆವು. "ಬಸ್ಸುಂಟಲ್ಲ!" ಎಂದರು.

ಅಡಿಕೆಗೆ ಮದ್ದು ಬಿಡುವ ಕೆಲಸ ಮುಗಿದು ಕೊಯ್ಲು ಶುರುವಾಗುವ ನಡುವೆ ನನಗೆ ಸಿಗುವುದು ನಾಲ್ಕೇ ದಿನ. ಅದರಲ್ಲಿ ಎರಡನ್ನು ಮನೆಯಲ್ಲಿ ಕೇಳಿ ಪಡೆದಿದ್ದೆ. ಜತೆಗೆ ಭಾವ, ಒಬ್ಬರು ಶಾಲೆ ಮಾಷ್ಟ್ರು, ಮತ್ತೆ ಕಾಞಂಗಾಡಿನಲ್ಲಿ ಬೆಳೆದ ಒಬ್ಬ ಗೆಳೆಯ. ಮಲೆನಾಡ ಹೆದ್ದಾರಿಯನ್ನು ನೆಚ್ಚಿಕೊಂಡು, ಮನಸ್ಸಾದಲ್ಲಿ ಒಳದಾರಿ ಹಿಡಿದು, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಬಂದಡ್ಕದ ಮೇಲಿಂದ ಹೋಗುವುದೆಂದು ಲೆಕ್ಕ. ಕೇರಳದ ತೆಂಕು ತುದಿಯ ಪಾರಶ್ಶಾಲೆಯವರೆಗೆ ಯೋಜಿಸಿದ ಈ ಹೆದ್ದಾರಿ ಶುರುವಾಗುವುದೇ ನಂದಾರಪದವಿನಲ್ಲಿ.

ಕಾಸರಗೋಡು ಕರಾವಳಿಯಲ್ಲವೇ, ರಸ್ತೆ ಚಪ್ಪಟೆ ಇದ್ದೀತು ಎಂದುಕೊಂಡು ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮೇಲೆ ಮುರಕಲ್ಲಿನ (ಕೆಂಪುಕಲ್ಲಿನ) ಪದವು, ಕೆಳಗೆ ಬೈಲು, ಎರಡರ ನಡುವಿನ ಇಳಿಜಾರಿನಲ್ಲಿ ಅಡಿಕೆ ತೋಟ. ಒಂದು ಬೈಲಿನಿಂದ ಇನ್ನೊಂದು ಬೈಲಿಗೆ ಹೋಗಬೇಕಾದರೆ ನಡುವಿನ ಗುಡ್ಡೆ ಹತ್ತದೆ ವಿಧಿಯಿಲ್ಲ. ಘಾಟಿಯಾದರೆ ಒಮ್ಮೆ ಹತ್ತಿ ಮುಗಿಯುತ್ತದೆ. ಇಲ್ಲಿ ಹತ್ತಿದ್ದನ್ನೆಲ್ಲ ಐದೇ ನಿಮಿಷದಲ್ಲಿ ಇಳಿದು ಕಳಕೊಂಡು, ತೋಡಿನ ಸಂಕ ದಾಟಿದ ಕೂಡಲೇ ಮತ್ತೆ ಹತ್ತಬೇಕು. ಮೊದಲ ದಿನ ಮಧ್ಯಾಹ್ನದೊಳಗೆ ಹತ್ತಿದ ಏರುಗಳನ್ನು ಮಾಷ್ಟ್ರು ಎಣಿಸುತ್ತಿದ್ದರು. ಹದಿನೇಳಕ್ಕೆ ನಿಲ್ಲಿಸಿದರು.

ಮೊದಲ ಪೆಟ್ಟು ತಿಂದದ್ದು ನಾನೇ. ಒಂದು ತಿರುವಿನಾಚೆ ಸಮತಟ್ಟು ಇದ್ದೀತೆಂದು ದೊಡ್ಡ ಗೇರಿನಲ್ಲೇ ನುಗ್ಗಿದೆ. ಎದುರಿಗೆ ಗೋಡೆಯಂಥ ಏರು. ಗಾಬರಿಯಲ್ಲಿ, ಪೆಡಲಿನ ಮೇಲೆ ಮೈಭಾರವೆಲ್ಲ ಇದ್ದಂತೆಯೇ ಗೇರು ಇಳಿಸಿದೆ. ಚೈನು ಹಿಂದಿನ ದೊಡ್ಡ ಹಲ್ಲುಚಕ್ರವನ್ನೂ ದಾಟಿ ಕಡ್ಡಿಗಳ ಸಂದಿಗೆ ಬಿದ್ದು ಸಿಕ್ಕಿಕೊಂಡಿತು, ಒಂದು ಕಡ್ಡಿ ತುಂಡಾಯಿತು. ಅದನ್ನು ಪಕ್ಕದ ಕಡ್ಡಿಗೆ ಸುತ್ತಿ ಕಟ್ಟಿ, ಚಕ್ರ ಬ್ರೇಕಿಗೆ ಉಜ್ಜದ ಹಾಗೆ ಉಳಿದವನ್ನು ಬಿಗಿ ಮಾಡುವಾಗ ಮುಕ್ಕಾಲು ಗಂಟೆ ಹೋಯಿತು. ಏರು ಶುರುವಾಗುವ ಮೊದಲೇ, ಕಾಲು ಹಗುರ ಇರುವಾಗಲೇ, ಗೇರು ಇಳಿಸಿಕೊಂಡಿರಬೇಕು. ಆದರೆ ತಿರುವಿನಾಚೆ ಏನುಂಟೆಂದು ತಿಳಿಯುವುದು ಹೇಗೆ?

ಉಪಾಯ ಹೇಳಿದ್ದು ಭಾವ, ಮಡ್‌ಗಾರ್ಡಿಗೆ ಒರಗಿ ಸೀಯಾಳ ಕುಡಿಯುತ್ತಾ. "ಊರಿನ ಹೆಸರಿನ ಬಾಲ ನೋಡು ಭಾವ. ಪದವು ಅಂದರೆ ಮೇಲೆ. ಬೈಲು ಅಂದರೆ ಕೆಳಗೆ. ಅಡ್ಕ ಅಂದರೆ ಗಟ್ಟಿ ನೆಲ, ಅಲ್ಲಿಗೆ ಮುಟ್ಟಿದರೆ ಸ್ವಲ್ಪ ಉಸಿರು ಬಿಡಬಹುದು." ತಮಾಷೆಗೆ ಹೇಳಿದನೋ ಏನೋ, ಆದರೆ ಬದಿಯಡ್ಕ ಮುಟ್ಟುವವರೆಗೂ ನಾವು ಬೋರ್ಡು ಓದಿಯೇ ಗೇರು ಬದಲಿಸಿದೆವು. ಹತ್ತರಲ್ಲಿ ಏಳು ಸಲ ಸರಿಹೋಯಿತು. ಫೋನಿನ ನಕ್ಷೆಗಿಂತ ಅದೇ ಮೇಲು.

ಪೆರ್ಲದ ಹತ್ತಿರ ಒಂದು ಮನೆಯಲ್ಲಿ ನೀರು ಕೇಳಿದಾಗ ಹಿರಿಯರೊಬ್ಬರು ಸುರಂಗದ ಬಾಯಿಗೇ ಕರಕೊಂಡು ಹೋದರು. ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಕೊರೆದದ್ದು. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನೊಳಗೆ ಇಳಿದು ಇಲ್ಲಿ ಜಿನುಗುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ನಮ್ಮನ್ನು ಬೆಳಗ್ಗಿನಿಂದ ಸತಾಯಿಸಿದ ಗುಡ್ಡೆಯೇ ನೀರು ಕೊಟ್ಟಿತು! ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಅವರು ಕೊಟ್ಟ ಲೋಟವಂತೂ ಅಂಗಡಿಯ ಬಣ್ಣದ ಪಾನೀಯಗಳನ್ನೆಲ್ಲ ಮರೆಸಿತು. ಈ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಸುರಿಯುತ್ತದೆ. ಬರೀ ನೀರು ಕುಡಿಯುತ್ತಿದ್ದ ಮಾಷ್ಟ್ರಿಗೆ ಸಂಜೆ ಮೀನಖಂಡ ಹಿಡಿದುಕೊಂಡು ಮುಳ್ಳೇರಿಯದ ತನಕ ಕುಂಟಿಕೊಂಡೇ ಬರಬೇಕಾಯಿತು.

ಇನ್ನೊಂದು ಸಂಗತಿ ಪಾಚಿ. ತೋಟದ ನೆರಳು ಬೀಳುವಲ್ಲಿ ಮಳೆಗಾಲ ಮುಗಿದ ಮೇಲೂ ಟಾರಿನ ಅಂಚು ಹಸಿರಾಗಿಯೇ ಇರುತ್ತದೆ. ಲಾರಿಗೆ ದಾರಿ ಕೊಡಲು ಅಂಚಿಗೆ ಸರಿದು ಬ್ರೇಕ್ ಹಿಡಿದಿರೋ, ಬಿದ್ದಿರಿ. ಭಾವ ಬಿದ್ದ.

ಎರಡನೇ ದಿನ ಪಯಸ್ವಿನಿ ದಾಟಿದೆವು. ಕೆಳಗೆ ಚಂದ್ರಗಿರಿ ಎನ್ನಿಸಿಕೊಂಡು ಕಡಲು ಸೇರುವ ಈ ಹೊಳೆಯೇ ತುಳುನಾಡಿನ ತೆಂಕು ಗಡಿ ಎಂದು ಹಿರಿಯರು ಹೇಳುತ್ತಿದ್ದರು. ಹೊಳೆ ದಾಟಿದರೆ ಭಾವನ ವಿದ್ಯೆ ನಡೆಯಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಆಚೆಯೂ ಬಂದಡ್ಕ, ಬೇಡಡ್ಕ ಉಂಟು, ಕನ್ನಡ ಮಾತಾಡುವವರೂ ಉಂಟು. ಬೇಡಡ್ಕ ಮಲಯಾಳದಲ್ಲಿ ಬೇಡಕಂ ಆಗಿದೆ, ಅಡ್ಕ ಕಾಣೆ. ಭಾಷೆಯ ಜಗಳ ಏನೇ ಇರಲಿ, ಸೈಕಲ್ ತುಳಿಯುವವನಿಗೆ ಅದು ನೇರ ನಷ್ಟ.

ಬಂದಡ್ಕ ಕಳೆದ ಮೇಲೆ ಮುಂದಾಳು ಕಾಞಂಗಾಡಿನ ಗೆಳೆಯ. ಮಲಯಾಳದಲ್ಲಿ ಮಲ ಅಂದರೆ ಬೆಟ್ಟ, ಪಾರ ಅಂದರೆ ಬಂಡೆ, ವಯಲ್ ಅಂದರೆ ಗದ್ದೆ ಎಂದು ಅವನೂ ಬಾಲ ಹಿಡಿದು ಹೇಳತೊಡಗಿದ. ಕೇಳಿದವರೆಲ್ಲ ಕೊಡುತ್ತಿದ್ದ ಉತ್ತರ ಒಂದೇ: "ಕೊರಚ್ಚು ಕಯಟ್ಟಂ ಉಂಡ್." ಸ್ವಲ್ಪ ಏರು ಉಂಟು ಎಂದು ಅರ್ಥ. ಆ 'ಕೊರಚ್ಚು' ಎಷ್ಟು ಉದ್ದ ಎಂದು ನಮ್ಮ ತೊಡೆಗಳಿಗೆ ಗೊತ್ತು.

ಕೋಳಿಚ್ಚಾಲ್ ಕಳೆದು ಪನತ್ತಡಿಯಲ್ಲಿ ರಾಣಿಪುರದ ಬೋರ್ಡು ಕಂಡಾಗ ಹೊಟ್ಟೆ ಹಸಿದಿತ್ತು. ಹೆಸರಿನಲ್ಲಿ ಪುರ ಇದೆ, ಊಟ ಅಲ್ಲೇ ಮಾಡೋಣ ಎಂದು ಭಾವ ಎಂದ. ಮುಂದೆ ಹೋದ ಹಾಗೆ ರಸ್ತೆ ಎದ್ದು ನಿಂತಿತು. ಅತಿ ಸಣ್ಣ ಗೇರಿನಲ್ಲೂ ಎದುರಿನ ಚಕ್ರ ಮೇಲೇಳುತ್ತಿತ್ತು. ಇಳಿದು ನೂಕುತ್ತಿದ್ದಾಗ ಎದುರಾದ ರಬ್ಬರ್ ಟ್ಯಾಪಿಂಗಿನವರು ನಗುತ್ತಾ ವಿವರ ಹೇಳಿದರು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಜಾಗ ಅದು, ಹಳೆಯ ಹೆಸರು ಮಾಡತ್ತುಮಲ.

"ಮಲ!" ಎಂದು ಗೆಳೆಯ ಹಣೆ ಚಚ್ಚಿಕೊಂಡ. ಭಾವ ಏನೂ ಹೇಳದೆ ಚೀಲದಿಂದ ಕೊನೆಯ ಬಾಳೆಹಣ್ಣು ತೆಗೆದು ನಾಲ್ಕು ತುಂಡು ಮಾಡಿದ.