ಲೆನ್ಸ್ ರಿಪೇರಿಗೆ ಕಳಿಸುವ ಮುಂಚೆ ಇಷ್ಟು ನೋಡಿ

"ಅಣ್ಣಾ, ಲೆನ್ಸ್ ಹೋಯ್ತು" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ: "ಹೋಯ್ತು ಅಂದ್ರೆ ಏನಾಗ್ತಿದೆ ಮಾರಾಯ? ಯಾವಾಗ ಆಗ್ತಿದೆ?" ಎಷ್ಟೋ ಜನರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಫೋಕಸ್ ಆಗುತ್ತಿಲ್ಲ, ಅಷ್ಟೇ. ಜೂಮ್ ಮಾಡಿದಾಗ ಮಾತ್ರವಾ? ಎಲ್ಲ ಅಪರ್ಚರ್‌ನಲ್ಲೂ (ಬೆಳಕು ಒಳಗೆ ಬಿಡುವ ತೂತಿನ ಅಳತೆ) ಹಾಗೇನಾ? ಇನ್ನೊಂದು ಕ್ಯಾಮೆರಾ ಬಾಡಿಯ ಮೇಲೆ ಹಾಕಿ ನೋಡಿದ್ದೀರಾ? ಇದ್ಯಾವುದೂ ಗೊತ್ತಿಲ್ಲದೆ ಕೊರಿಯರ್ ಮಾಡಿದರೆ "ಚೆಕ್ ಮಾಡಿದ್ವಿ, ಏನೂ ಕಾಣ್ಲಿಲ್ಲ" ಅಂತ ಲೆನ್ಸ್ ಹಾಗೇ ವಾಪಸ್ ಬರುತ್ತದೆ. ಹೋಗಿ ಬರುವ ಖರ್ಚು ದಂಡ.

ನನ್ನದು ಸಾಗರದಲ್ಲಿ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶದ ಕೆಲಸ. ನಮಗೆ ಲೆನ್ಸ್ ರಿಪೇರಿ ಅಂದರೆ ಬೆಂಗಳೂರು. ಸೀಸನ್ ಮಧ್ಯೆ ಲೆನ್ಸ್ ವಾರಗಟ್ಟಲೆ ಕೈಯಲ್ಲಿ ಇಲ್ಲದಿದ್ದರೆ ಬಾಡಿಗೆಗೆ ತರಬೇಕು. ಹಾಗಾಗಿ ತೊಂದರೆ ಎಲ್ಲಿದೆ ಅಂತ ಇಲ್ಲೇ ಪತ್ತೆ ಮಾಡಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ.

ಮೊದಲ ಕೆಲಸ ಅದಲು ಬದಲು. ಈ ಲೆನ್ಸನ್ನು ಇನ್ನೊಂದು ಬಾಡಿಯ ಮೇಲೆ ಹಾಕಿ, ಈ ಬಾಡಿಯ ಮೇಲೆ ಇನ್ನೊಂದು ಲೆನ್ಸ್ ಹಾಕಿ. ತೊಂದರೆ ಲೆನ್ಸ್ ಜೊತೆ ಹೋಗುತ್ತದೋ, ಬಾಡಿಯಲ್ಲೇ ಉಳಿಯುತ್ತದೋ ನೋಡಿ. ನಿಮ್ಮ ಹತ್ತಿರ ಒಂದೇ ಬಾಡಿ ಇದ್ದರೆ ಊರಿನ ಇನ್ನೊಬ್ಬ ಫೋಟೋಗ್ರಾಫರ್ ಹತ್ತಿರ ಹೋಗಿ, ಯಾರೂ ಇಲ್ಲ ಅನ್ನುವುದಿಲ್ಲ. ಫೋಟೋದಲ್ಲಿ ಕಪ್ಪು ಚುಕ್ಕೆ ಬಂದರೂ ಇದೇ ಉಪಾಯ. ಅಪರ್ಚರ್ ಎಫ್ 16ಕ್ಕೆ, ಅಂದರೆ ಸಣ್ಣ ತೂತಿಗೆ ಇಟ್ಟು ಆಕಾಶ ತೆಗೆಯಿರಿ. ಲೆನ್ಸ್ ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಸೆನ್ಸರ್ ಮೇಲಿನ ಧೂಳು. ಲೆನ್ಸ್ ಪಾಪ, ಅದರದ್ದೇನೂ ತಪ್ಪಿಲ್ಲ.

ಕ್ಯಾನನ್‌ನಲ್ಲಿ ಎರರ್ 01 ಬಂದರೆ ಬಾಡಿಗೂ ಲೆನ್ಸಿಗೂ ಮಾತುಕತೆ ನಿಂತಿದೆ ಅಂತ ಅರ್ಥ. ಲೆನ್ಸ್ ಬಿಚ್ಚಿ, ಹಿಂದಿರುವ ಬಂಗಾರದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಬಟ್ಟೆಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಳ್ಳಿ. ಬಾಡಿ ಕಡೆಯ ಪಿನ್‌ಗಳನ್ನೂ ಮೆಲ್ಲಗೆ ಒರೆಸಿ. ಉಪ್ಪುಕಾಗದದಲ್ಲಿ ಉಜ್ಜಿದರೆ ಮೇಲಿನ ಲೇಪವೇ ಹೋಗುತ್ತದೆ. ನಿಕಾನ್‌ನಲ್ಲಿ ಎಫ್‌ಇಇ ಅಂತ ಮಿನುಗಿದರೆ ಗಾಬರಿ ಬೇಡ. 50 ಎಂಎಂ 1.8ಡಿ ಥರದ ಹಳೇ ಲೆನ್ಸಿನ ಅಪರ್ಚರ್ ರಿಂಗ್ ಜರುಗಿದೆ, ಅಷ್ಟೇ. ಅದನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿ.

ಸ್ವಿಚ್‌ಗಳನ್ನೂ ಒಂದು ಸಲ ನೋಡಿಬಿಡಿ. ಬ್ಯಾಗಿನಿಂದ ತೆಗೆಯುವಾಗ ಎಎಫ್ (ಆಟೋ ಫೋಕಸ್) ಇದ್ದದ್ದು ಮ್ಯಾನುಯಲ್, ಅಂದರೆ ಎಂಎಫ್‌ಗೆ ಬಿದ್ದಿರುತ್ತದೆ. 70-200 ಎಂಎಂ ಜೂಮ್ ಲೆನ್ಸಿನಲ್ಲಿ ಫೋಕಸ್ ಲಿಮಿಟರ್ ಅನ್ನುವ ಸ್ವಿಚ್ ಇರುತ್ತದೆ. ಕ್ಯಾನನ್ ಎಫ್ 2.8 ಎರಡನೇ ಆವೃತ್ತಿಯಲ್ಲಿ ಅದನ್ನು 2.5 ಮೀಟರ್‌ಗೆ ಇಟ್ಟಿದ್ದರೆ ಹತ್ತಿರದ ಮುಖಕ್ಕೆ ಫೋಕಸ್ ಹಿಡಿಯುವುದೇ ಇಲ್ಲ. ಶಟರ್ ಅರ್ಧ ಒತ್ತಿದರೂ ಫೋಕಸ್ ಆಗದಿದ್ದರೆ ಯಾರೋ ಬ್ಯಾಕ್ ಬಟನ್ ಫೋಕಸ್ (ಹಿಂದಿನ ಬಟನ್ ಒತ್ತಿದರೆ ಮಾತ್ರ ಫೋಕಸ್ ಆಗುವ ಸೆಟ್ಟಿಂಗ್) ಹಾಕಿರಬಹುದು. ಕ್ಯಾನನ್ ಎಸ್‌ಟಿಎಂ ಲೆನ್ಸಿನ ರಿಂಗ್ ತಿರುಗಿಸಿದರೆ ಫೋಕಸ್ ಬದಲಾಗುತ್ತಿಲ್ಲ ಅನ್ನುವವರು ಕ್ಯಾಮೆರಾ ಆನ್ ಮಾಡಿ ನೋಡಿ. ಅದರ ರಿಂಗ್ ಕೆಲಸ ಮಾಡುವುದು ಕರೆಂಟಿನಲ್ಲಿ.

ಹಾಗೇ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ ಅಂತ ಹೆದರುವವರು ಜಾಸ್ತಿ. ಐಎಸ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಲೆನ್ಸ್‌ಗಳಲ್ಲಿ, ಈಗಿನ ಎಷ್ಟೋ ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಕ್ಯಾಮೆರಾ ಆಫ್ ಇದ್ದಾಗ ಒಳಗಿನ ಗಾಜಿನ ಗುಂಪು ಸಡಿಲವಾಗಿ ಓಡಾಡುತ್ತದೆ. ಆನ್ ಮಾಡಿದಾಗ ಸದ್ದು ನಿಂತರೆ ಅದು ಸರಿಯಾಗಿಯೇ ಇದೆ. ಜೂಮ್ ತಿರುಗಿಸುವಾಗ ಕರಕರ ಅಂದರೆ ಮಾತ್ರ ಬೇರೆ ವಿಷಯ. ಮರಳು ಹೊಕ್ಕಿರುತ್ತದೆ, ಇಲ್ಲವೇ ನಮ್ಮ ಕಡೆ ಅರಿಶಿನ ಶಾಸ್ತ್ರದ ಪುಡಿ. ಬ್ಲೋವರ್‌ನಿಂದ ಊದಿ. ಹೋಗದಿದ್ದರೆ ಸುಮ್ನೆ ತಿರುಗಿಸುತ್ತಾ ಕೂರಬೇಡಿ, ಒಳಗೆ ಗೀರು ಬೀಳುತ್ತದೆ.

ಈಗ ಅಪರ್ಚರ್. ಜನ ನೋಡದೇ ಬಿಡುವುದು ಇದನ್ನೇ. ಕ್ಯಾಮೆರಾ ಮ್ಯಾನುಯಲ್ ಮೋಡ್‌ಗೆ ಹಾಕಿ, ಎಫ್ 16, ಶಟರ್ 2 ಸೆಕೆಂಡ್. ಲೆನ್ಸನ್ನು ನಿಮ್ಮ ಕಡೆ ತಿರುಗಿಸಿಕೊಂಡು ಮುಂದಿನಿಂದ ನೋಡುತ್ತಾ ಕ್ಲಿಕ್ ಮಾಡಿ. ಬ್ಲೇಡ್‌ಗಳು ಫಟ್ ಅಂತ ಮುಚ್ಚಿ, ನಡುವೆ ಒಂದು ಸಣ್ಣ ತೂತು ಉಳಿದು, ಶಟರ್ ಮುಗಿದ ಮೇಲೆ ಮತ್ತೆ ತೆರೆಯಬೇಕು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ಗಳಲ್ಲಿ ಮೇಲಿಂದ ಮೇಲೆ ಕಾಣುವ ರೋಗ ಒಂದಿದೆ. ಅಪರ್ಚರ್ ಪೂರ್ತಿ ತೆರೆದಾಗ ಫೋಟೋ ಬರುತ್ತದೆ, ಎಫ್ 8ಕ್ಕೆ ಇಟ್ಟ ಕೂಡಲೇ ಎರರ್. ಅಥವಾ 18 ಎಂಎಂನಲ್ಲಿ ಸರಿ, 50ಕ್ಕೆ ಜೂಮ್ ಮಾಡಿದರೆ ಎರರ್. ಸಾಮಾನ್ಯವಾಗಿ ಇದು ಒಳಗಿನ ಫ್ಲೆಕ್ಸ್ ಕೇಬಲ್ (ಪಟ್ಟಿಯಂಥ ತೆಳು ವೈರ್) ಸೀಳಿದ್ದರ ಗುರುತು. ಜೂಮ್ ಮಾಡಿದಾಗಲೆಲ್ಲ ಆ ಪಟ್ಟಿ ಮಡಚಿ ಮಡಚಿ ಕೊನೆಗೆ ಬಿಡುತ್ತದೆ. ಧಾರೆ ನಡೆಯುವಾಗಲೇ ಹೀಗಾದರೆ ಅಪರ್ಚರ್ ಪೂರ್ತಿ ತೆರೆದಿಟ್ಟು, ಐಎಸ್‌ಒ ಇಳಿಸಿ, ಶಟರ್ ಏರಿಸಿ ಕೆಲಸ ಮುಗಿಸಿ. ರಿಪೇರಿ ಮಾತು ಆಮೇಲೆ.

ನಿಕಾನ್‌ನ ಹಳೆಯ ಜಿ, ಡಿ ಲೆನ್ಸ್‌ಗಳ ಹಿಂದೆ ಒಂದು ಪುಟ್ಟ ಲೋಹದ ಕಡ್ಡಿ ಇರುತ್ತದೆ. ಬೆರಳಿನಿಂದ ಅದನ್ನು ಮೆಲ್ಲಗೆ ಸರಿಸಿದರೆ ಬ್ಲೇಡ್ ತೆರೆಯುತ್ತದೆ, ಬಿಟ್ಟರೆ ತಕ್ಷಣ ಮುಚ್ಚಬೇಕು. ನಿಧಾನಕ್ಕೆ ತೆವಳಿಕೊಂಡು ಮುಚ್ಚಿದರೆ ಬ್ಲೇಡಿಗೆ ಎಣ್ಣೆ ಹತ್ತಿದೆ. ಅಂಥ ಲೆನ್ಸಿನಲ್ಲಿ ಎಫ್ 11ರ ಫೋಟೋ ಬೆಳ್ಳಗೆ ಉರಿದು ಬರುತ್ತದೆ. ನಾವು ಮೀಟರ್ ಕೆಟ್ಟಿದೆ ಅಂತ ಬಾಡಿಯನ್ನು ಬೈಯುತ್ತಿರುತ್ತೇವೆ.

"ಸಾಫ್ಟ್ ಬರ್ತಿದೆ", ಅಂದರೆ ಫೋಟೋ ಚೂಪಾಗಿಲ್ಲ ಅನ್ನುವ ದೂರಿಗೆ ಹೆಚ್ಚು ತಾಳ್ಮೆ ಬೇಕು. ಮೊದಲು ಯುವಿ ಫಿಲ್ಟರ್ ಬಿಚ್ಚಿ. ಅಗ್ಗದ ಫಿಲ್ಟರ್ ಎದುರು ಒಳ್ಳೆಯ ಟೆಲಿ ಲೆನ್ಸೂ ಮಂಕಾಗುತ್ತದೆ. ಆಮೇಲೆ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟಗಳನ್ನು ಗೋಡೆಗೆ ಸುಕ್ಕಿಲ್ಲದಂತೆ, ಫ್ರೇಮ್ ತುಂಬುವಷ್ಟು ಅಂಟಿಸಿ. ನಡುವೆ ಒಂದು ಚಿಕ್ಕ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಸಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ಸರಿ ಮಧ್ಯಕ್ಕೆ ಬಂದರೆ ಕ್ಯಾಮೆರಾ ಗೋಡೆಗೆ ನೇರವಾಗಿದೆ ಅಂತ ಲೆಕ್ಕ. ಕನ್ನಡಿ ತೆಗೆಯಿರಿ. ಟ್ರೈಪಾಡ್, 2 ಸೆಕೆಂಡ್ ಟೈಮರ್, ಐಎಸ್ ಆಫ್. ಪೂರ್ತಿ ತೆರೆದು ಒಂದು, ಎಫ್ 8ರಲ್ಲಿ ಒಂದು ಫೋಟೋ ತೆಗೆಯಿರಿ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ಒತ್ತಕ್ಷರಗಳನ್ನು ನೋಡಿ. ಸೈಟ್ ಜಾಹೀರಾತಿನ "ಕ್ಷ"ದ ಒಳಗಿನ ಬಿಳಿ ಜಾಗ ನಾಲ್ಕು ಮೂಲೆಯಲ್ಲೂ ಒಂದೇ ಥರ ಕಾಣಬೇಕು. ನಾಲ್ಕೂ ಮೂಲೆ ಸ್ವಲ್ಪ ಮಂಕಾಗಿದ್ದರೆ ಅದು ಆ ಲೆನ್ಸಿನ ಗುಣ. ಒಂದೇ ಮೂಲೆ, ಅಥವಾ ಎಡಗಡೆ ಮಾತ್ರ ಕಲಸಿ ಹೋಗಿದ್ದರೆ ಒಳಗೆ ಯಾವುದೋ ಗಾಜು ಜರುಗಿದೆ. ಸಾಮಾನ್ಯವಾಗಿ ಕೆಳಗೆ ಬಿದ್ದ ಲೆನ್ಸಿನ ಕಥೆ ಇದು.

ಡಿಎಸ್‌ಎಲ್‌ಆರ್ ಆದರೆ ಇನ್ನೊಂದು ಹೆಜ್ಜೆ ಇದೆ. ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿ ಒಂದು ಫೋಟೋ, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಮಾಡಿ ಇನ್ನೊಂದು. ಲೈವ್ ವ್ಯೂನದ್ದು ಚೂಪಾಗಿದ್ದು ವ್ಯೂಫೈಂಡರ್‌ನದ್ದು ಮಂಕಾಗಿದ್ದರೆ ಗಾಜಿಗೆ ಏನೂ ಆಗಿಲ್ಲ, ಬಾಡಿಯ ಫೋಕಸ್‌ಗೂ ಲೆನ್ಸಿಗೂ ಹೊಂದಾಣಿಕೆ ತಪ್ಪಿದೆ. ಕ್ಯಾನನ್ 5ಡಿ ಮಾರ್ಕ್ 2, ನಿಕಾನ್ ಡಿ7200 ಥರದ ಬಾಡಿಗಳ ಮೆನುವಿನಲ್ಲೇ ಅದನ್ನು ಸರಿ ಮಾಡಿಕೊಳ್ಳಬಹುದು. ಕ್ಯಾನನ್ 1500ಡಿ ಥರದ ಸಣ್ಣ ಬಾಡಿಗಳಲ್ಲಿ ಆ ಸೌಲಭ್ಯ ಇಲ್ಲ. ಆಗ ಬಾಡಿ, ಲೆನ್ಸ್ ಎರಡನ್ನೂ ಒಟ್ಟಿಗೆ ಕಳಿಸಬೇಕು.

ಇನ್ನು ಮಲೆನಾಡಿನವರ ದೊಡ್ಡ ತಲೆನೋವು ಫಂಗಸ್. ಆಷಾಢದಲ್ಲಿ ಮದುವೆ ಇಲ್ಲ. ಬ್ಯಾಗ್ ಬೀರು ಸೇರುತ್ತದೆ, ಹೊರಗೆ ಜಡಿಮಳೆ. ಶ್ರಾವಣದಲ್ಲಿ ಜಿಪ್ ಎಳೆದರೆ ಮುಗ್ಗಲು ವಾಸನೆ. ಕತ್ತಲೆ ಕೋಣೆಯಲ್ಲಿ ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಿಕಾನ್ ಆದರೆ ಆ ಕಡ್ಡಿ ಸರಿಸಿ ಬ್ಲೇಡ್ ತೆರೆದು ಹಿಡಿಯಿರಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಕಂಡರೆ ಬಿಟ್ಟುಬಿಡಿ, ಫೋಟೋಗೆ ಏನೂ ಆಗುವುದಿಲ್ಲ. ಜೇಡರ ಬಲೆಯ ಹಾಗೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಇಡೀ ಗಾಜು ಹಾಲು ಬಳಿದಂತೆ ಕಂಡರೆ ಹೇಜ್. ಫಂಗಸ್ ಶುರುವಿನಲ್ಲಿ ಚೂಪು ಕಡಿಮೆ ಮಾಡುವುದಿಲ್ಲ. ಬೆಳಕು ಎದುರಿಗಿದ್ದಾಗ ಫೋಟೋ ತೊಳೆದಂತೆ ಬರುತ್ತದೆ, ಅಷ್ಟೇ. ಆದರೂ ತಡ ಮಾಡಬೇಡಿ. ಅದು ಗಾಜಿನ ಕೋಟಿಂಗ್ ತಿನ್ನುತ್ತದೆ. ತಿಂದ ಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಮದುವೆ ಇಲ್ಲದ ಆಷಾಢವೇ ಲೆನ್ಸ್ ಕಳಿಸಲು ಒಳ್ಳೆಯ ಸಮಯ. ಉಳಿದವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೇವಾಂಶ ಶೇಕಡ 40ರಿಂದ 50ರೊಳಗೆ ಇರಲಿ. ಎಸಿ ರೂಮಿನಿಂದ ಹೊರಗೆ ಬಂದಾಗ ಕಟ್ಟುವ ಮಂಜು ಫಂಗಸ್ ಅಲ್ಲ. ಬ್ಯಾಗ್ ಮುಚ್ಚಿಟ್ಟು ಅರ್ಧ ಗಂಟೆ ಕಾಯಿರಿ.

ಮಾಡಬಾರದ್ದು ಎರಡು. ಒದ್ದೆಯಾದ ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಹಿಟ್ಟಿನ ಪುಡಿ ಒಳಗೆ ಹೋಗುತ್ತದೆ. ವಿಡಿಯೋ ನೋಡಿ ಬಿಚ್ಚಲು ಕೂರಬೇಡಿ. ಜಪಾನಿ ಲೆನ್ಸಿನ ಸ್ಕ್ರೂಗಳು ಜೆಐಎಸ್ ಅನ್ನುವ ಜಪಾನಿ ಅಳತೆಯವು, ಅಂಗಡಿಯ ಫಿಲಿಪ್ಸ್ ಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಎಷ್ಟೋ ಲೆನ್ಸ್‌ಗಳ ಮೌಂಟಿನ (ಬಾಡಿಯ ಮೇಲೆ ಕೂರುವ ಬಳೆ) ಕೆಳಗೆ ಕಾಗದದಷ್ಟು ತೆಳ್ಳಗಿನ ಶಿಮ್ ಪಟ್ಟಿಗಳಿರುತ್ತವೆ. ಅದರಲ್ಲಿ ಒಂದು ಹಾರಿ ಮೇಜಿನ ಕೆಳಗೆ ಬಿದ್ದರೂ ದೂರದ ಫೋಕಸ್ ತಪ್ಪುತ್ತದೆ. ಬಿಚ್ಚಿದ ಲೆನ್ಸ್ ಎಂದರೆ ರಿಪೇರಿಯವರೂ ಮುಖ ಗಂಟು ಹಾಕುತ್ತಾರೆ.

ಇಷ್ಟಾದ ಮೇಲೂ ಕಳಿಸಬೇಕು ಅನಿಸಿದರೆ ಮೊದಲು ದುಡ್ಡಿನ ಲೆಕ್ಕ ಹಾಕಿ. 18-55 ಕಿಟ್, 50 ಎಂಎಂ 1.8 ಥರದವಕ್ಕೆ ರಿಪೇರಿಗಿಂತ ಸೆಕೆಂಡ್ ಹ್ಯಾಂಡ್ ತಗೊಳ್ಳುವುದೇ ವಾಸಿ. ವಾರಂಟಿ ಇದ್ದರೆ ಬಿಲ್ ಹುಡುಕಿ. ಹೊರದೇಶದಿಂದ ತರಿಸಿದ್ದಾದರೆ ಇಲ್ಲಿ ವಾರಂಟಿ ನಡೆಯುತ್ತದಾ ಅಂತ ಮುಂಚೆಯೇ ಕೇಳಿ. ಫಿಲ್ಟರ್, ಹುಡ್ ತೆಗೆದಿಟ್ಟುಕೊಳ್ಳಿ. ಮುಂದೆ ಹಿಂದೆ ಎರಡೂ ಮುಚ್ಚಳ ಹಾಕಿ. ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದುಕೊಂಡು ಬಬಲ್ ರ‍್ಯಾಪ್‌ನಲ್ಲಿ ಸುತ್ತಿ. ಡಬ್ಬದೊಳಗೆ ಅಲ್ಲಾಡದಂತೆ ಪೇಪರ್ ತುರುಕಿ. ತೊಂದರೆ ಕಾಣುವ ಫೋಟೋಗಳನ್ನು ಎಡಿಟ್ ಮಾಡದೆ ಪೆನ್‌ಡ್ರೈವ್‌ನಲ್ಲಿ ಹಾಕಿ. ಜೊತೆಗೆ ಒಂದು ಚೀಟಿ. ನನ್ನದು ಹೀಗಿರುತ್ತದೆ:

"70-200. ಜೂಮ್ 135 ದಾಟಿದ ಮೇಲೆ ಎಫ್ 5.6ರಲ್ಲಿ ಎರರ್ 01. ಎಫ್ 2.8ರಲ್ಲಿ ಬರುವುದಿಲ್ಲ. ಎರಡು ಬಾಡಿಯಲ್ಲಿ ಹಾಕಿ ನೋಡಿದೆ, ಎರಡರಲ್ಲೂ ಹಾಗೇ. ಕಾಂಟ್ಯಾಕ್ಟ್ ಕ್ಲೀನ್ ಮಾಡಿದೆ. ಬಿದ್ದಿಲ್ಲ, ಬಿಚ್ಚಿಲ್ಲ. ಒಳಗೆ ಧೂಳಿದೆ, ಅದಕ್ಕೆ ಕೈ ಹಾಕಬೇಡಿ. ಎಷ್ಟಾಗುತ್ತದೆ ಅಂತ ಫೋನ್ ಮಾಡಿ ಹೇಳಿ, ಆಮೇಲೆ ಕೆಲಸ ಶುರು ಮಾಡಿ."