ಮಸಾಯಿ ಮಾರಾಕ್ಕೆ ಹೋಗ್ತೀರಾ? ಮೊದಲು ತಿಂಗಳು ಗೊತ್ತು ಮಾಡಿ

ಆಫ್ರಿಕಾ ಸಫಾರಿ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಖರ್ಚಾಗುತ್ತೆ ಅಂತ. ಅದು ಆಮೇಲೆ. ಮೊದಲು ಯಾವ ತಿಂಗಳು ಅಂತ ಗೊತ್ತು ಮಾಡಿ. ಜಾಗ, ಖರ್ಚು, ಕಣ್ಣಿಗೆ ಬೀಳುವ ಪ್ರಾಣಿ ಎಲ್ಲವೂ ಅದರ ಮೇಲೆಯೇ ನಿಂತಿದೆ.

ಹತ್ತು ಲಕ್ಷಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ, ಹುಲ್ಲು ಮೇಯುವ ಕಾಡುಪ್ರಾಣಿ) ಮಳೆ ಮತ್ತು ಹೊಸ ಹುಲ್ಲಿನ ಬೆನ್ನು ಹತ್ತಿ ತಾಂಜಾನಿಯಾದ ಸೆರೆಂಗೆಟಿ, ಕೀನ್ಯಾದ ಮಸಾಯಿ ಮಾರಾ ವನ್ಯಧಾಮಗಳ ನಡುವೆ ವರ್ಷವಿಡೀ ಸುತ್ತುತ್ತಿರುತ್ತವೆ. ಫೆಬ್ರವರಿ ಹೊತ್ತಿಗೆ ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಮರಿ ಹಾಕುತ್ತವೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ಮಾರಾ ನದಿ ದಾಟುತ್ತವೆ. ನಮ್ಮ ಬೇಸಿಗೆ ರಜೆಯ ಏಪ್ರಿಲ್, ಮೇ ಅಲ್ಲಿ ಜೋರು ಮಳೆಗಾಲ, ದಾರಿಯೆಲ್ಲ ಕೆಸರು. ಮಕ್ಕಳಿಗೆ ರಜೆ ಇದೆ ಅಂತ ಸುಮ್ನೆ ಬುಕ್ ಮಾಡಿಬಿಡಬೇಡಿ. ದಸರಾ ರಜೆ ಎಷ್ಟೋ ವಾಸಿ.

ಇನ್ನು ಜಾಗ. ಐದು ದಿನಕ್ಕೆ ಮೂರು ಪಾರ್ಕ್ ತೋರಿಸುವ ಪ್ಯಾಕೇಜ್‌ಗಳು ಬೇಕಾದಷ್ಟಿವೆ. ನನ್ನ ಮಾತು ಕೇಳುವುದಾದರೆ ಬೇಡ. ನೈರೋಬಿಯಿಂದ ಮಾರಾಕ್ಕೇ ರಸ್ತೆಯಲ್ಲಿ ಐದಾರು ಗಂಟೆ ಬೇಕು, ರಜೆಯೆಲ್ಲ ಗಾಡಿಯಲ್ಲೇ ಕಳೆದುಹೋಗುತ್ತೆ. ಮಾರಾ ಒಂದರಲ್ಲೇ ನಾಲ್ಕು ರಾತ್ರಿ ಇರಿ. ನಕ್ಷೆಯಲ್ಲಿ ಸೆರೆಂಗೆಟಿ ಪಕ್ಕದಲ್ಲೇ ಇದೆಯಲ್ಲ ಅನ್ನಿಸಬಹುದು, ಆದರೆ ಪ್ರವಾಸಿಗರು ಕಾಡಿನೊಳಗಿಂದ ನೇರವಾಗಿ ಗಡಿ ದಾಟುವಂತಿಲ್ಲ, ಇಸೆಬಾನಿಯಾ ಊರಿನ ಕಡೆಯಿಂದ ಸುತ್ತಿ ಹೋಗಬೇಕು.

ಒಂದೇ ಕಡೆ ಇರಿ ಅನ್ನುವುದಕ್ಕೆ ದೊಡ್ಡ ಕಾರಣ ಹಿಂಡು ನದಿ ದಾಟುವ ದೃಶ್ಯ. ಕಬಿನಿಯಲ್ಲಿ ಸಫಾರಿ ಅಂದರೆ ಕೆಲವು ಗಂಟೆ, ಅಷ್ಟೇ ಅಲ್ವಾ? ಇಲ್ಲಿ ಬುತ್ತಿ ಕಟ್ಟಿಸಿಕೊಂಡು ಇಡೀ ದಿನ ಇರಬಹುದು. ಇರಲೇಬೇಕು ಕೂಡ. ಹಿಂಡು ದಡಕ್ಕೆ ಬರುತ್ತೆ, ಮುಂದಿನವು ನೀರು ನೋಡಿಕೊಂಡು ನಿಲ್ಲುತ್ತವೆ, ಹಿಂದಿನವು ತಳ್ಳುತ್ತವೆ, ಒಂದು ಜೀಬ್ರಾ ಬೆದರಿತು ಅಂದರೆ ಸಾಕು, ಧೂಳೆಬ್ಬಿಸಿಕೊಂಡು ಎಲ್ಲವೂ ವಾಪಸ್. ಎರಡು ಗಂಟೆ ಬಿಟ್ಟು ಮತ್ತೆ ಬರಬಹುದು, ಬರದೆಯೂ ಇರಬಹುದು. ಆಗ ಇನ್ನೂ ಹತ್ತಿರ ಹೋಗಿ ಅಂತ ಡ್ರೈವರ್‌ಗೆ ದಯವಿಟ್ಟು ಒತ್ತಾಯ ಮಾಡಬೇಡಿ. ಗಾಡಿಗಳು ದಾರಿಗೆ ಅಡ್ಡ ನಿಂತರೆ ಹಿಂಡು ಹೆದರಿ ತಿರುಗಿಬಿಡುತ್ತೆ, ಮೊಸಳೆಗಳಿರುವ ನೀರಿಗೆ ಇಳಿಯುವುದೇ ಅವಕ್ಕೆ ಸಾಕಷ್ಟು ಕಷ್ಟ.

ಈಗ ದುಡ್ಡು. ದೊಡ್ಡವರಾದ ವಿದೇಶಿಯರಿಗೆ ಮಾರಾ ಪ್ರವೇಶ ಶುಲ್ಕ 2024ರಿಂದ ಜನವರಿ–ಜೂನ್‌ನಲ್ಲಿ ದಿನಕ್ಕೆ 100 ಡಾಲರ್, ಜುಲೈ–ಡಿಸೆಂಬರ್‌ನಲ್ಲಿ 200. ಪ್ಯಾಕೇಜ್ ದರದಲ್ಲಿ ಇದು ಸೇರಿದೆಯಾ, ಗಾಡಿಯಲ್ಲಿ ಎಲ್ಲರಿಗೂ ಕಿಟಕಿ ಸೀಟು ಇದೆಯಾ ಅಂತ ಬರವಣಿಗೆಯಲ್ಲೇ ಕೇಳಿ. ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಆದರೆ ಒಳ್ಳೆಯದು.

ಕೀನ್ಯಾಕ್ಕೆ ಈಗ ವೀಸಾ ಬದಲು ಇ-ಟಿಎ (ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ), ಆನ್‌ಲೈನ್‌ನಲ್ಲೇ ಅರ್ಜಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸಬಹುದು. ಮಲೇರಿಯಾ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ.

ಬ್ಯಾಗಿಗೆ ಸ್ವೆಟರ್ ಹಾಕಿ, ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಚಳಿ ಕೊರೆಯುತ್ತೆ. ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆ ತ್ಸೆ ನೊಣ ಅದಕ್ಕೇ ಮುತ್ತುತ್ತೆ. ಚಿಕ್ಕ ವಿಮಾನದಲ್ಲಿ ಮಾರಾಕ್ಕೆ ಹೋಗುವವರಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಮೆತ್ತನೆಯ ಬ್ಯಾಗ್ ಆಗಿರಬೇಕು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಹಾಗಾಗಿ ಚಕ್ಕುಲಿ, ಕೋಡುಬಳೆ ಒಯ್ಯುವುದಾದರೆ ಡಬ್ಬಿಯಲ್ಲೇ ಹಾಕಿಕೊಳ್ಳಿ.