ಬಾಡಿಗೆ ದೋಣಿಯಿಂದ 500 ಮೀಟರ್ ಆಳಕ್ಕೆ: ಗಲ್ಪರ್ ಶಾರ್ಕ್ ಹುಡುಕಿದ ನನ್ನ ಅನುಭವ

ಕ್ರೇನ್, ಕೇಬಲ್ ಇಲ್ಲದೆ ಆಳದ ಶಾರ್ಕ್ ಚಿತ್ರ ತೆಗೆಯೋದು ಆಗದ ಮಾತು ಅಂತ ಜೊತೆಯವರು ಹೇಳುತ್ತಿದ್ದರು. ಆಯ್ತು ನೋಡಿ. ಎರೆ ಕಟ್ಟಿದ ಕ್ಯಾಮೆರಾವನ್ನು ತೂಕದ ಜೊತೆ ನೀರಿಗೆ ಬಿಡುತ್ತೇನೆ, ತೂಕ ಕಳಚಿದ ಮೇಲೆ ಅದು ತಾನೇ ಮೇಲೆ ತೇಲಿ ಬರುತ್ತದೆ. ಮಾಲ್ಡೀವ್ಸ್ ಹವಳದಿಬ್ಬದ ಹೊರ ಇಳಿಜಾರಿನಲ್ಲಿ, ಸುಮಾರು 500 ಮೀಟರ್ ಆಳದಲ್ಲಿ ಗಲ್ಪರ್ ಸಿಕ್ಕಿದೆ. ಹಸಿರು ಕಣ್ಣು, ಎರಡೂ ಬೆನ್ನುರೆಕ್ಕೆಯ ಮುಂದೆ ಒಂದೊಂದು ಮುಳ್ಳು, ಎಲ್ಲ ಸ್ಪಷ್ಟ.

ಗಾಳ ನಾನು ಮುಟ್ಟಲೇ ಇಲ್ಲ. ಅಷ್ಟು ಆಳದಿಂದ ಎಳೆದ ಮೀನನ್ನು ವಾಪಸ್ ಬಿಟ್ಟರೂ ಬದುಕೋದು ಕಷ್ಟ. ಮರಿ ಹಾಕೋದೂ ಬಹಳ ಕಮ್ಮಿ. 1980ರ ದಶಕದಲ್ಲಿ ಲಿವರ್ ಎಣ್ಣೆಗಾಗಿ ಇಲ್ಲಿ ಇದರ ಬೇಟೆ ಜೋರಾಗಿ ನಡೆದು, ಮುಂದಿನ ದಶಕದಲ್ಲೇ ಕುಸಿಯಿತು. 2010ರಲ್ಲಿ ಶಾರ್ಕ್ ಬೇಟೆಗೇ ನಿಷೇಧ ಬಂತು. ಹಾಗಿರುವಾಗ ಎಷ್ಟು ಉಳಿದಿವೆ ಅಂತ ಲೆಕ್ಕ ಹಾಕೋಕೆ ಇನ್ನಷ್ಟು ಕೊಲ್ಲೋದು ಯಾಕೆ?

ರೆಡಿಮೇಡ್ ಕ್ಯಾಮೆರಾ ಸೆಟ್‌ಗೆ ಹತ್ತಾರು ಸಾವಿರ ಡಾಲರ್ ಕೇಳಿದರು. ನನ್ನದು ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಅದಕ್ಕಿಂತ ದೋಣಿ ಬಾಡಿಗೆ, ಡೀಸೆಲ್‌ಗೇ ಜಾಸ್ತಿ ಹೋಯಿತು.

ಕಾಲಿರುವ ಫ್ರೇಮ್ ಇಳಿಜಾರಿನಲ್ಲಿ ನಿಲ್ಲಲ್ಲ. ಪ್ರತಿಸಲ ಉರುಳಿ ಬಿದ್ದು, ಗಂಟೆಗಟ್ಟಲೆ ಮರಳಿನ ವಿಡಿಯೋ. ಕಾಲು ತೆಗೆದು, ಹಳೇ ಕಬ್ಬಿಣದ ತೂಕವನ್ನು ಹಗ್ಗದಲ್ಲಿ ಕೆಳಗೆ ಇಳಿಬಿಟ್ಟೆ. ಮೇಲೆ ಗಾಜಿನ ತೇಲುಗೋಳ. ಈಗ ಕ್ಯಾಮೆರಾ ನೆಲದಿಂದ ಒಂದೆರಡು ಮೀಟರ್ ಮೇಲೆ ನೆಟ್ಟಗೆ ನಿಲ್ಲುತ್ತದೆ. ಓಲಾಡುತ್ತದೆ ನಿಜ, ಆದರೆ ಎರೆ ಕಟ್ಟಿದ ಕೋಲು ಫ್ರೇಮಿಗೇ ಬಿಗಿದಿರೋದರಿಂದ ಅದೂ ಜೊತೆಗೇ ಓಲಾಡುತ್ತದೆ, ಚಿತ್ರ ಕೆಡಲ್ಲ.

ಹೆಚ್ಚು ಕಾಡಿದ್ದು ತೂಕ ಕಳಚುವ ಕೊಂಡಿ. ಉಪ್ಪುನೀರಲ್ಲಿ ಸವೆದು ತುಂಡಾಗುವ ಲೋಹದ್ದು. ಪ್ಯಾಕೆಟ್ ಮೇಲೆ ಎಂಟು ಗಂಟೆ ಅಂತಿತ್ತು. ಹನ್ನೆರಡು ಗಂಟೆ ದಾಟಿದರೂ ಕ್ಯಾಮೆರಾದ ಸುಳಿವಿಲ್ಲ. ‘ಹೋಯ್ತು ಬಿಡಿ ಸರ್, ವಾಪಸ್ ಹೋಗೋಣ’ ಅಂದರು ಹುಡುಗರು. ನಾನು ಬಿಡಲಿಲ್ಲ. ಕತ್ತಲಾದ ಮೇಲೆ ದೂರದಲ್ಲಿ ಅದರ ಮಿನುಗುದೀಪ ಕಂಡಿತು. ಪ್ಯಾಕೆಟ್ ಲೆಕ್ಕ ಬೆಚ್ಚನೆಯ ನೀರಿನದು, ತಣ್ಣೀರಲ್ಲಿ ಲೋಹ ನಿಧಾನ ಸವೆಯುತ್ತದೆ. ಆಮೇಲಿಂದ ಪ್ರತಿ ಹೊಸ ಕೊಂಡಿಯನ್ನೂ ಐಸ್‌ಪೆಟ್ಟಿಗೆಯ ಸಮುದ್ರನೀರಲ್ಲಿ ಪರೀಕ್ಷಿಸಿಯೇ ಬಳಸುತ್ತೇನೆ. ಕೊಂಡಿಯನ್ನು ಎಲ್ಲಿ, ಎಷ್ಟು ಉಜ್ಜಿ ತೆಳು ಮಾಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಬೆಳಕಿನದ್ದೂ ಒಂದು ಪರೀಕ್ಷೆ ಮಾಡಿದೆ. ಬಿಳಿ ದೀಪಕ್ಕೆ ಬಂದ ಶಾರ್ಕ್‌ಗಳು ಬೆಳಕಿನ ಅಂಚಿನಲ್ಲೇ ತಿರುಗಿ ಹೋದವು. ಕೆಂಪಿಗೆ ಎರೆಯವರೆಗೂ ಬಂದವು. ಎರೆಗೆ ಸೂರೆ (ಟ್ಯೂನಾ) ಮೀನಿನ ತಲೆ ಸಾಕು. ದುಬಾರಿ ಮೀನು ಹಾಕಿಯೂ ನೋಡಿದೆ, ಏನೂ ವ್ಯತ್ಯಾಸವಿಲ್ಲ.

ಎಣಿಕೆಗೆ, ಒಂದೇ ಚೌಕಟ್ಟಿನಲ್ಲಿ ಒಟ್ಟಿಗೆ ಕಂಡಷ್ಟನ್ನೇ ಹಿಡಿಯುತ್ತೇನೆ. ಬಂದದ್ದೇ ಹತ್ತು ಸಲ ಬಂದರೆ ಹತ್ತು ಶಾರ್ಕ್ ಆಗಲ್ಲ, ಅಲ್ವಾ? ಬೇಟೆ ಮತ್ತೆ ತೆರೆಯುವ ಮಾತು 2025ರಲ್ಲಿ ಎದ್ದಿತು. ಹಾಗಾಗಿ ಹಳೇ ಮೀನುಗಾರರು ತೋರಿಸಿಕೊಟ್ಟ ಬೇಟೆಯ ಜಾಗಗಳಿಗೇ ಈಗ ಮೊದಲು ಇಳಿಸುತ್ತಿದ್ದೇನೆ.